ಐಪಿ ವಿಳಾಸದೊಳಗಿನ ಗಡಿಗೆರೆ



ಮನೆಯ ವೈ-ಫೈಗೆ ಜೋಡಿಸಿದ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು ನೋಡಿದರೆ ಮೂರು ಸಾಲು ಅಂಕಿಗಳು ಕಾಣಿಸುತ್ತವೆ. ಮೊದಲನೆಯದು ಐಪಿ ವಿಳಾಸ, 192.168.1.77 ಎಂಬಂಥದ್ದು. ಎರಡನೆಯದು ಸಬ್‌ನೆಟ್ ಮಾಸ್ಕ್. ಹೆಚ್ಚಿನ ಮನೆಗಳಲ್ಲಿ ಅದು 255.255.255.0 ಎಂದಿರುತ್ತದೆ. ಮೂರನೆಯದು ಗೇಟ್‌ವೇ, 192.168.1.1 ಎಂಬ ಹಾಗೆ. ಮೊದಲ ಸಾಲಿನ ಹೆಸರು ಈಗ ಎಲ್ಲರಿಗೂ ಗೊತ್ತು. ಪತ್ರಿಕೆಗಳ ಅಪರಾಧ ಸುದ್ದಿಯಲ್ಲೂ ‘ಐಪಿ ವಿಳಾಸದ ಜಾಡು ಹಿಡಿದ ಪೊಲೀಸರು’ ಎಂದು ಓದುತ್ತೇವೆ. ಎರಡನೆಯ ಸಾಲನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಾನು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಈ ವಿಷಯದ ಪಾಠ ಹೇಳುವವನು. ಲ್ಯಾಬಿನಲ್ಲಿ ಹುಡುಗರು 255.255.255.0 ಎಂದು ತುಂಬಿ ಮುಂದೆ ಹೋಗುತ್ತಾರೆ. ಅದೇ ಯಾಕೆ ಎಂದು ಕೇಳಿದರೆ, ‘ಎಲ್ಲಾ ಕಡೆ ಅದನ್ನೇ ಹಾಕ್ತಾರೆ ಸರ್’ ಎನ್ನುತ್ತಾರೆ.

ಇವತ್ತಿನ ನನ್ನ ಮಾತು ಆ ಎರಡನೆಯ ಸಾಲಿನ ಬಗ್ಗೆ. ಐಪಿ ವಿಳಾಸವನ್ನು ಎಷ್ಟು ಹೊತ್ತು ನೋಡಿದರೂ ಅದು ಯಾವ ಜಾಲಕ್ಕೆ ಸೇರಿದ್ದು, ಅದರ ಅಕ್ಕಪಕ್ಕದವರು ಯಾರು ಎಂದು ತಿಳಿಯುವುದಿಲ್ಲ. ಅದನ್ನು ತಿಳಿಸುವುದು ಮಾಸ್ಕ್. ವಿಳಾಸದೊಳಗೆ ಒಂದು ಗಡಿಗೆರೆ ಇದೆ. ಗೆರೆಯ ಎಡಕ್ಕಿರುವುದು ಜಾಲದ ಗುರುತು, ಬಲಕ್ಕಿರುವುದು ಆ ಜಾಲದಲ್ಲಿನ ಯಂತ್ರದ ಗುರುತು. ಗೆರೆ ಎಲ್ಲಿದೆ ಎಂಬುದನ್ನು ಹೇಳುವುದಷ್ಟೇ ಮಾಸ್ಕಿನ ಕೆಲಸ. ಈ ಗೆರೆಯನ್ನು ಬೇಕಾದ ಕಡೆಗೆ ಸರಿಸಬಹುದು ಎಂಬ ತಿಳಿವಳಿಕೆ ಬಂದದ್ದರಿಂದಲೇ ಇಂಟರ್ನೆಟ್ ಇಷ್ಟು ಬೆಳೆಯಿತು ಎಂದು ನಾನು ನಂಬಿದ್ದೇನೆ.

ಮೊದಲು ಅಂಕಿಗಳನ್ನು ನೋಡೋಣ. ಯಂತ್ರದ ಮಟ್ಟಿಗೆ ಐಪಿ ವಿಳಾಸವೆಂದರೆ 32 ಬಿಟ್‌ಗಳ ಒಂದೇ ಸಂಖ್ಯೆ. ಬಿಟ್ ಎಂದರೆ ಸೊನ್ನೆ, ಇಲ್ಲವೇ ಒಂದು. ಮೂವತ್ತೆರಡು ಸೊನ್ನೆ-ಒಂದುಗಳನ್ನು ಓದುವುದು, ಬರೆದುಕೊಳ್ಳುವುದು ನಮಗೆ ಕಷ್ಟ. ಅದಕ್ಕೆ ಎಂಟೆಂಟರಂತೆ ನಾಲ್ಕು ಭಾಗ ಮಾಡಿ, ಒಂದೊಂದನ್ನೂ ದಶಮಾನಕ್ಕೆ ತಿರುಗಿಸಿ, ನಡುವೆ ಚುಕ್ಕಿ ಇಟ್ಟು ಬರೆಯುತ್ತೇವೆ. ಎಂಟು ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255. ಸಿನಿಮಾದ ಪರದೆಯ ಮೇಲೆ 312 ಎಂಬ ಭಾಗವಿರುವ ಐಪಿ ವಿಳಾಸ ಕಂಡರೆ ಅದು ಕಥೆಗಾಗಿ ಮಾಡಿದ್ದು ಎಂದು ಕೂತಲ್ಲೇ ಹೇಳಬಹುದು. ಇನ್ನು ಆ ಚುಕ್ಕಿಗಳು ಇರುವುದು ನಮ್ಮ ಅನುಕೂಲಕ್ಕೆ. ತಂತಿಯ ಮೇಲೆ ಹೋಗುವ ಮಾಹಿತಿಯ ಕಟ್ಟಿನಲ್ಲಿ, ಅಂದರೆ ಪ್ಯಾಕೆಟ್ಟಿನಲ್ಲಿ, ಚುಕ್ಕಿಯೇ ಇಲ್ಲ. ಹಾಗಾಗಿ ನಮ್ಮ ಗಡಿಗೆರೆ ಚುಕ್ಕಿ ಇದ್ದ ಕಡೆಯೇ ಬೀಳಬೇಕೆಂದಿಲ್ಲ. ಮಕ್ಕಳು ಎಡವುವುದು ಇಲ್ಲಿಯೇ.

32 ಬಿಟ್ ಎಂದರೆ ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸಗಳು. 1977ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಯೋಜನೆಯಲ್ಲಿ ವಿಂಟ್ ಸರ್ಫ್ ಈ ಅಳತೆಯನ್ನು ನಿಗದಿ ಮಾಡಿದಾಗ, ಒಂದು ಪ್ರಯೋಗಕ್ಕೆ ಇಷ್ಟು ಧಾರಾಳವಾಗಿ ಸಾಕು ಎಂಬ ಲೆಕ್ಕಾಚಾರವಿತ್ತು. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಒಬ್ಬೊಬ್ಬರ ಜೇಬಿನಲ್ಲಿ ಒಂದೊಂದು ಇರುತ್ತದೆ ಎಂದು ಯೋಚಿಸಬೇಕಾದ ಕಾಲ ಅದಲ್ಲ. ಇಂಟರ್ನೆಟ್ಟಿನ ನಿಯಮಗಳು ಆರ್‌ಎಫ್‌ಸಿ ಎಂಬ ಹೆಸರಿನ ದಾಖಲೆಗಳಾಗಿ, ಅಂಕಿ ಹಾಕಿಕೊಂಡು ಪ್ರಕಟವಾಗುತ್ತವೆ. ಇವತ್ತಿಗೂ ನಾವು ಬಳಸುವ ಐಪಿಯ ನಾಲ್ಕನೆಯ ಆವೃತ್ತಿ, ಅಂದರೆ ಐಪಿವಿ4, 1981ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 791 ಆಗಿ ಬಂತು. ಅದನ್ನು ಸಂಪಾದಿಸಿದವರು ಜಾನ್ ಪೋಸ್ಟೆಲ್. ಯಾವ ಸಂಸ್ಥೆಗೆ ಯಾವ ಸಂಖ್ಯೆ ಕೊಟ್ಟಿದೆ ಎಂಬ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟವರೂ ಅವರೇ. 1983ರ ಜನವರಿ 1ರಂದು ಅಮೆರಿಕದ ರಕ್ಷಣಾ ಇಲಾಖೆಯ ಅರ್ಪಾನೆಟ್ ಎಂಬ ಜಾಲ ಹಳೆಯ ಪದ್ಧತಿ ಬಿಟ್ಟು ಈ ಪದ್ಧತಿಗೆ ಬಂತು.

ವಿಳಾಸದೊಳಗಿನ ಗೆರೆ ಎಂದರೇನು ಎಂಬುದಕ್ಕೆ ನಮ್ಮ ಮನೆಯ ಲ್ಯಾಂಡ್‌ಲೈನ್ ಫೋನಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಬಿಟ್ಟರೆ, ಕೋಡೂ ನಂಬರೂ ಸೇರಿ ಯಾವ ಊರಿನದಾದರೂ ಹತ್ತೇ ಅಂಕಿ. ಬೆಂಗಳೂರಿನ ಕೋಡ್ 80, ಎರಡಂಕಿ. ಮಿಕ್ಕ ಎಂಟು ಅಂಕಿಗಳಲ್ಲಿ ಕೋಟಿಗಟ್ಟಲೆ ಫೋನುಗಳಿಗೆ ನಂಬರು ಕೊಡಬಹುದು. ಮೈಸೂರಿನದು 821, ಮೂರಂಕಿ, ಉಳಿಯುವುದು ಏಳು. ಹಾಸನದ್ದು 8172, ನಾಲ್ಕಂಕಿ; ಉಳಿಯುವುದು ಆರು. ಕೋಡ್ ಚಿಕ್ಕದಾದಷ್ಟೂ ಊರೊಳಗೆ ಜಾಗ ಹೆಚ್ಚು, ಕೋಡ್ ಉದ್ದವಾದಷ್ಟೂ ಜಾಗ ಕಡಿಮೆ. ಹತ್ತು ಅಂಕಿಗಳ ನಡುವೆ ಗೆರೆ ಎಲ್ಲಿ ಬೀಳಬೇಕೆಂದು ಊರಿನ ಗಾತ್ರ ನೋಡಿ ತೀರ್ಮಾನಿಸಿದ್ದಾರೆ. ಊರೊಳಗಿನ ಕರೆಗೆ ಕೋಡ್ ಒತ್ತುವುದೇ ಬೇಡ, ಊರಿನ ಎಕ್ಸ್‌ಚೇಂಜೇ ಸಂಪರ್ಕ ಕೊಡುತ್ತದೆ. ಹೊರಗಿನ ಕರೆಗೆ ಕೋಡ್ ನೋಡಿ ಬೇರೆ ದಾರಿ. ಐಪಿ ವಿಳಾಸದ ಎಡಭಾಗ, ಬಲಭಾಗಗಳ ಸಂಬಂಧವೂ ಇದೇ.

1981ರಲ್ಲಿ ಈ ಗೆರೆಗೆ ಮೂರೇ ಜಾಗ ಗೊತ್ತು ಮಾಡಿದ್ದರು. ಎ ವರ್ಗದಲ್ಲಿ ಮೊದಲ 8 ಬಿಟ್ ಜಾಲಕ್ಕೆ, ಮಿಕ್ಕ 24 ಯಂತ್ರಕ್ಕೆ. ಅಂಥ ಒಂದು ಜಾಲದಲ್ಲಿ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸ. ಬಿ ವರ್ಗದಲ್ಲಿ ಗೆರೆ ಸರಿಯಾಗಿ ಮಧ್ಯದಲ್ಲಿ. ಒಂದು ಜಾಲಕ್ಕೆ 65,534 ಯಂತ್ರ. ಸಿ ವರ್ಗದಲ್ಲಿ 24 ಬಿಟ್ ಜಾಲಕ್ಕೆ, 8 ಬಿಟ್ ಯಂತ್ರಕ್ಕೆ, 254 ಯಂತ್ರ. ವರ್ಗ ಯಾವುದು ಎಂಬುದನ್ನು ವಿಳಾಸದ ಮೊದಲ ಒಂದರಿಂದ ಮೂರು ಬಿಟ್‌ಗಳೇ ಹೇಳುತ್ತಿದ್ದವು, 80 ಎಂದ ಕೂಡಲೇ ಬೆಂಗಳೂರು ಎಂದು ಗೊತ್ತಾಗುವ ಹಾಗೆ. ಆಗ ಮಾಸ್ಕ್ ಎಂಬ ಎರಡನೆಯ ಸಾಲಿನ ಅಗತ್ಯವೇ ಇರಲಿಲ್ಲ.

ವ್ಯವಸ್ಥೆ ಸರಳವಾಗಿತ್ತು, ಪೋಲೂ ಅಷ್ಟೇ ಇತ್ತು. ಎರಡು ಸಾವಿರ ಕಂಪ್ಯೂಟರುಗಳಿರುವ ವಿಶ್ವವಿದ್ಯಾಲಯವೊಂದು ಬಂದು ವಿಳಾಸ ಕೇಳಿತು ಎನ್ನಿ. ಸಿ ವರ್ಗದ ಒಂದು ಜಾಲ ಏನೇನೂ ಸಾಲದು. ಬಿ ವರ್ಗದ್ದು ಕೊಟ್ಟರೆ 63 ಸಾವಿರ ವಿಳಾಸಗಳು ಬಳಕೆಯಾಗದೆ ಬಿದ್ದಿರುತ್ತವೆ. ಆದರೂ ಬಿ ವರ್ಗವನ್ನೇ ಕೊಡುತ್ತಿದ್ದರು. ಇನ್ನು ಎ ವರ್ಗ, ವಿಳಾಸಗಳ ಇಡೀ ರಾಶಿಯಲ್ಲಿ ಅರ್ಧ ಅದರ ಪಾಲಿಗೇ ಹೋಗಿತ್ತು. ಆಪಲ್ ಕಂಪನಿಗೆ 17ರಿಂದ ಶುರುವಾಗುವ ಅಷ್ಟೂ ವಿಳಾಸ ಸಿಕ್ಕಿತು, ಎಂಐಟಿಗೆ 18, ಫೋರ್ಡ್ ಮೋಟಾರ್ ಕಂಪನಿಗೆ 19. ಕೇಳಿದವರಿಗೆ ಕೊಟ್ಟರು, ಮೊದಲು ಕೇಳಿದವರು ಅಮೆರಿಕದವರೇ ಆಗಿದ್ದರು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿಗಳೂ ಸೇರಿದ ಅರ್ನೆಟ್ ಎಂಬ ಶೈಕ್ಷಣಿಕ ಜಾಲ ಮೊದಲಾದದ್ದು 1986ರಲ್ಲಿ. ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಅಷ್ಟರಲ್ಲಿ ಅನೇಕ ದೊಡ್ಡ ಪಾಲುಗಳು ಹಂಚಿಹೋಗಿದ್ದವು. ಈ ಮಾತು ಮನಸ್ಸಿನಲ್ಲಿರಲಿ, ಇದರ ಪರಿಣಾಮ ಇಂದಿಗೂ ನಮ್ಮ ಮೊಬೈಲಿನಲ್ಲಿದೆ.

ಗೆರೆ ಸರಿಸುವ ಯೋಚನೆ ಹುಟ್ಟಿದ್ದು ವಿಶ್ವವಿದ್ಯಾಲಯಗಳ ಆವರಣದಲ್ಲಿ. 1980ರ ದಶಕದಲ್ಲಿ ಒಂದೇ ಕ್ಯಾಂಪಸ್ಸಿನಲ್ಲಿ ಕಟ್ಟಡಕ್ಕೊಂದು ಪುಟ್ಟ ಜಾಲ ಹುಟ್ಟಿಕೊಂಡಿತು. ಹೊರಗಿನ ಪ್ರಪಂಚಕ್ಕೆ ವಿಶ್ವವಿದ್ಯಾಲಯ ಒಂದೇ ಜಾಲ. ಒಳಗೆ ನೋಡಿದರೆ ಹತ್ತಾರು. ಒಂದೊಂದಕ್ಕೂ ಬೇರೆ ಬೇರೆ ಜಾಲಸಂಖ್ಯೆ ಕೇಳುತ್ತ ಹೋದರೆ ಜಾಲದಿಂದ ಜಾಲಕ್ಕೆ ಪ್ಯಾಕೆಟ್ ದಾಟಿಸುವ ಯಂತ್ರಗಳು, ಅಂದರೆ ಜಗತ್ತಿನ ರೂಟರುಗಳೆಲ್ಲ, ಆ ಒಳಗಿನ ವಿವರಗಳನ್ನು ಹೊರಬೇಕಾಗುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಜೆಫ್ರಿ ಮೊಗುಲ್ 1984ರಲ್ಲಿ ಇದಕ್ಕೊಂದು ಉಪಾಯ ಬರೆದರು. 1985ರ ಆಗಸ್ಟಿನಲ್ಲಿ ಅವರೂ ಪೋಸ್ಟೆಲ್ಲರೂ ಸೇರಿ ಆರ್‌ಎಫ್‌ಸಿ 950 ಹೊರತಂದರು. ಉಪಾಯ ಇಷ್ಟೇ: ಹೊರಗಿನವರಿಗೆ ಹಳೆಯ ಗೆರೆಯೇ ಇರಲಿ. ಒಳಗಿನ ಯಂತ್ರಗಳು ಮಾತ್ರ ಗೆರೆಯನ್ನು ಬಲಕ್ಕೆ ಸರಿಸಿಕೊಳ್ಳಲಿ. ಎಷ್ಟು ಸರಿಸಿದೆ ಎಂದು ತಿಳಿಸಲು ಒಂದೊಂದು ಯಂತ್ರಕ್ಕೂ 32 ಬಿಟ್‌ಗಳ ಇನ್ನೊಂದು ಸಂಖ್ಯೆ ಕೊಡೋಣ. ಅದರಲ್ಲಿ ಜಾಲಕ್ಕೆ ಸೇರಿದ ಬಿಟ್‌ಗಳ ಜಾಗದಲ್ಲೆಲ್ಲ ಒಂದು, ಯಂತ್ರಕ್ಕೆ ಸೇರಿದ ಕಡೆ ಸೊನ್ನೆ. ಈ ಇನ್ನೊಂದು ಸಂಖ್ಯೆಯೇ ಸಬ್‌ನೆಟ್ ಮಾಸ್ಕ್.

ಈಗ ಕೇಳುಗರು ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಬೇಕೆಂದು ನನ್ನ ಕೋರಿಕೆ. ಇದನ್ನು ಕೇಳಿದರೆ ಸಾಲದು, ಒಮ್ಮೆ ಕೈಯಲ್ಲಿ ಬರೆದರೆ ಮರೆಯುವುದಿಲ್ಲ.

ಸಾಲಾಗಿ ಎಂಟು ಮನೆ ಹಾಕಿ. ಎಡದಿಂದ ಬಲಕ್ಕೆ ಮನೆಗಳ ಮೇಲೆ 128, 64, 32, 16, 8, 4, 2, 1 ಎಂದು ಬೆಲೆ ಬರೆಯಿರಿ. ನಮ್ಮ ಕಂಪ್ಯೂಟರಿನ ವಿಳಾಸ 192.168.1.77. ಇದರ ಕೊನೆಯ ಭಾಗವಾದ 77ನ್ನು ಈ ಮನೆಗಳಲ್ಲಿ ತುಂಬೋಣ. 77ರಲ್ಲಿ 128 ಇಲ್ಲ, ಮೊದಲ ಮನೆಗೆ ಸೊನ್ನೆ. 64 ಇದೆ, ಒಂದು, ಉಳಿದದ್ದು 13. ಅದರಲ್ಲಿ 32 ಇಲ್ಲ, 16 ಇಲ್ಲ, ಸೊನ್ನೆ, ಸೊನ್ನೆ. 8 ಇದೆ, ಉಳಿದದ್ದು 5. 4 ಇದೆ, ಉಳಿದದ್ದು 1. 2 ಇಲ್ಲ. 1 ಇದೆ. ಒಟ್ಟಿನಲ್ಲಿ 01001101. ಇದರ ಕೆಳಗಿನ ಸಾಲಿನಲ್ಲಿ ಮಾಸ್ಕಿನ ಕೊನೆಯ ಭಾಗ ಬರೆಯೋಣ. ನಮ್ಮ ಮನೆಯ ವೈ-ಫೈಯಲ್ಲಿ ಇರುವ ಹಾಗೆ ಅದು ಸೊನ್ನೆಯಾಗಿರದೆ, ಒಂದು ಕಾಲೇಜಿನಲ್ಲಿ ಮಾಡುವ ಹಾಗೆ 255.255.255.192 ಎಂದಿದೆ ಎನ್ನೋಣ. 192 ಎಂದರೆ 128 ಕೂಡಿಸು 64. ಹಾಗಾಗಿ ಮೊದಲ ಎರಡು ಮನೆಗೆ ಒಂದು, ಮಿಕ್ಕ ಆರಕ್ಕೆ ಸೊನ್ನೆ.

ಇನ್ನು ಎರಡೂ ಸಾಲು ಸೇರಿಸುವ ನಿಯಮ. ಮೇಲೂ ಒಂದು ಕೆಳಗೂ ಒಂದು ಇದ್ದರೆ ಮಾತ್ರ ಉತ್ತರದಲ್ಲಿ ಒಂದು; ಬೇರೆ ಯಾವುದಿದ್ದರೂ ಸೊನ್ನೆ. ಮಾಡಿ ನೋಡಿ: ಎರಡನೆಯ ಮನೆಯಲ್ಲಿ ಮಾತ್ರ ಒಂದು ಉಳಿಯುತ್ತದೆ. ಅದರ ಬೆಲೆ 64. ಮೊದಲ ಮೂರು ಭಾಗಗಳಿಗೆ ಮಾಸ್ಕ್ 255, ಅಂದರೆ ಎಲ್ಲವೂ ಒಂದು. ಅವು ಇದ್ದ ಹಾಗೇ ಇಳಿಯುತ್ತವೆ. ಉತ್ತರ 192.168.1.64. ನಮ್ಮ 77ನೇ ನಂಬರಿನ ಯಂತ್ರ ಸೇರಿರುವ ಜಾಲದ ಹೆಸರು ಇದೇ.

ಮಾಸ್ಕಿನಲ್ಲಿ ಸೊನ್ನೆಯಿದ್ದ ಆರು ಮನೆಗಳನ್ನು ಹೇಗೆ ಬೇಕಾದರೂ ತುಂಬಬಹುದು, 64 ಬಗೆಯಲ್ಲಿ. ಆದ್ದರಿಂದ ಈ ಜಾಲ 64ರಿಂದ 127ರವರೆಗೆ ಹರಡಿದೆ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವ ಬ್ರಾಡ್‌ಕಾಸ್ಟಿಗೆ ಮೀಸಲು. ಯಂತ್ರಗಳಿಗೆ ಉಳಿದದ್ದು 62. ಇದೇ ರೀತಿ 0, 128, 192ರಿಂದ ಶುರುವಾಗುವ ಇನ್ನೂ ಮೂರು ಜಾಲಗಳಿವೆ. ಹಳೆಯ ಸಿ ವರ್ಗದ ಒಂದು ಜಾಲ ನಾಲ್ಕು ಪಾಲಾಯಿತು. ನಾಲ್ಕೂ ಪಾಲಿನ ಗೆರೆ ಚುಕ್ಕಿಯ ಮೇಲಿಲ್ಲ, ಕೊನೆಯ ಭಾಗದ ಒಳಗೆ, ಎರಡನೆಯ ಬಿಟ್ಟಿನ ನಂತರ ಬಿದ್ದಿದೆ. ಮಾಸ್ಕಿನಲ್ಲಿ ಒಂದುಗಳು ಎಡದಿಂದ ಒತ್ತಾಗಿ ಬರಬೇಕಾದ್ದರಿಂದ ಅದರ ಒಂದು ಭಾಗದಲ್ಲಿ ಬರಬಹುದಾದ ಸಂಖ್ಯೆಗಳು ಒಂಬತ್ತೇ: 0, 128, 192, 224, 240, 248, 252, 254, 255. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಾರೆ. ಎಂಟು ಮನೆಯ ಲೆಕ್ಕ ಗೊತ್ತಿದ್ದವರಿಗೆ ಆ ಪಟ್ಟಿ ಬೇಕಿಲ್ಲ. ಪಟ್ಟಿ ಮಾತ್ರ ಗೊತ್ತಿದ್ದವರು ಜಾಲ ಕೆಟ್ಟಾಗ ಏನೂ ಮಾಡಲಾರರು. ದ್ವಿಮಾನ ಪದ್ಧತಿಯನ್ನು ಗಣಿತದ ಪುಸ್ತಕದಲ್ಲೂ ಜಾಲದ ಪಾಠವನ್ನು ಬೇರೆ ಪುಸ್ತಕದಲ್ಲೂ ಇಟ್ಟು, ಎರಡನ್ನೂ ಒಂದು ಕಡೆ ತಾರದೆ ಮಕ್ಕಳನ್ನು ಪಾಸು ಮಾಡಿಸುವ ನಮ್ಮ ಪದ್ಧತಿಯ ಬಗ್ಗೆ ನನಗೆ ತುಂಬ ಬೇಸರವಿದೆ.

ಒಂದು ಜಾಲವನ್ನು ಹೀಗೆ ಒಡೆಯುವುದು ಯಾಕೆ? ಒಂದೇ ಜಾಲದಲ್ಲಿರುವ ಯಂತ್ರಗಳು ಒಂದನ್ನೊಂದು ಹುಡುಕುವುದು ಕೂಗಿ. 77ನೇ ಯಂತ್ರಕ್ಕೆ 80ರೊಡನೆ ಮಾತಾಡಬೇಕಾದರೆ, ‘80 ಯಾರು? ನಿಮ್ಮ ನೆಟ್‌ವರ್ಕ್ ಕಾರ್ಡಿನ ನಂಬರು ಹೇಳಿ’ ಎಂದು ಇಡೀ ಜಾಲಕ್ಕೆ ಕೇಳಿಸುವಂತೆ ಕೇಳುತ್ತದೆ. 80 ಉತ್ತರ ಕೊಡುತ್ತದೆ, ಮಿಕ್ಕವರು ಕೇಳಿ ಸುಮ್ಮನಾಗುತ್ತಾರೆ. ಎಆರ್‌ಪಿ ಎಂಬ ಈ ಪದ್ಧತಿ 1982ರದ್ದು. ಸಾವಿರಾರು ಯಂತ್ರ ಒಂದೇ ಜಾಲದಲ್ಲಿದ್ದರೆ ಈ ಕೂಗಾಟವೇ ಭಾರವಾಗುತ್ತದೆ. ಇನ್ನೊಂದು ಕಾರಣ ಭದ್ರತೆ. ಪರೀಕ್ಷಾ ವಿಭಾಗದ ಕಂಪ್ಯೂಟರು, ವಿದ್ಯಾರ್ಥಿಗಳ ಲ್ಯಾಬು, ಅತಿಥಿಗಳ ವೈ-ಫೈ ಬೇರೆ ಬೇರೆ ಜಾಲಗಳಲ್ಲಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಪ್ರತಿಯೊಂದು ಪ್ಯಾಕೆಟ್ಟೂ ರೂಟರನ್ನು ದಾಟಿಯೇ ಹೋಗಬೇಕು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಅಲ್ಲಿ ನಿಂತು ನೋಡಬಹುದು.

ಪ್ಯಾಕೆಟ್ಟಿನಲ್ಲಿ ಕಳಿಸುವವರ ವಿಳಾಸವಿದೆ, ತಲುಪಬೇಕಾದವರ ವಿಳಾಸವಿದೆ. ಮಾಸ್ಕ್ ಇಲ್ಲ.  ಒಂದೊಂದು ಯಂತ್ರವೂ ತನ್ನ ಬಳಿ ಇರುವ ಮಾಸ್ಕನ್ನು ಎದುರಿನವರ ವಿಳಾಸದ ಮೇಲೂ ಇಟ್ಟು ನೋಡಿ, ಇವರು ನನ್ನ ಜಾಲದವರೋ ಹೊರಗಿನವರೋ ಎಂದು ತಾನೇ ತೀರ್ಮಾನಿಸುತ್ತದೆ. ಒಳಗಿನವರಾದರೆ ನೇರವಾಗಿ ಕೂಗುತ್ತದೆ. ಹೊರಗಿನವರಾದರೆ ಗೇಟ್‌ವೇಗೆ, ಅಂದರೆ ಮೂರನೆಯ ಸಾಲಿನ ವಿಳಾಸದ ರೂಟರಿಗೆ ಒಪ್ಪಿಸುತ್ತದೆ. ಎದುರಿನವರ ಮಾಸ್ಕ್ ಏನಿದೆ ಎಂದು ಅದಕ್ಕೆ ಗೊತ್ತಾಗುವ ದಾರಿಯಿಲ್ಲ.

ಇದರಿಂದ ಎಂಥ ತೊಡಕು ಹುಟ್ಟುತ್ತದೆ ಎಂಬುದನ್ನು ಒಂದು ಕಚೇರಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಜಾಲವನ್ನು ಈಗ ಹೇಳಿದ ಹಾಗೆ ನಾಲ್ಕು ಪಾಲು ಮಾಡಿದ್ದರು. ಒಂದು ಪಾಲಿನಲ್ಲಿ 77ನೇ ಕಂಪ್ಯೂಟರ್, ಇನ್ನೊಂದರಲ್ಲಿ 130ನೇ ನಂಬರಿನ ಪ್ರಿಂಟರ್. ಕಂಪ್ಯೂಟರಿನಿಂದ ಒಂದು ಹಾಳೆಯೂ ಪ್ರಿಂಟ್ ಆಗದು. ಕೇಬಲ್ ಬದಲಿಸಿದರು, ಡ್ರೈವರ್ ಹೊಸದಾಗಿ ಹಾಕಿದರು, ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿದರು. ಪ್ರಿಂಟರಿನ ಪಕ್ಕದ ಮೇಜಿನ 131ನೇ ಕಂಪ್ಯೂಟರಿನಿಂದ ಮಾತ್ರ ಸಲೀಸಾಗಿ ಪ್ರಿಂಟ್ ಬರುತ್ತಿತ್ತು. ಹಾಗಾಗಿ ಪ್ರಿಂಟರ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕಡೆಗೆ ಪ್ರಿಂಟರಿನ ಸೆಟ್ಟಿಂಗ್ಸ್ ಹಾಳೆ ತೆಗೆದು ನೋಡಿದರೆ ಅದರಲ್ಲಿ ಮಾಸ್ಕ್ 255.255.255.0 ಎಂದೇ ಇತ್ತು. ಮಿಕ್ಕ ಎಲ್ಲ ಯಂತ್ರಗಳಿಗೂ 192 ಹಾಕಿದವರು ಇದೊಂದನ್ನು ಬಿಟ್ಟಿದ್ದರು.

ಏನಾಗುತ್ತಿತ್ತು ನೋಡಿ. 77ನೇ ಕಂಪ್ಯೂಟರ್ ತನ್ನ ಮಾಸ್ಕ್ ಇಟ್ಟು, 130 ಹೊರಗಿನದು ಎಂದು ಸರಿಯಾಗಿ ತಿಳಿದು, ರೂಟರಿಗೆ ಒಪ್ಪಿಸುತ್ತಿತ್ತು. ರೂಟರ್ ಪ್ರಿಂಟರಿಗೆ ತಲುಪಿಸುತ್ತಿತ್ತು. ಪ್ರಿಂಟರ್ ಉತ್ತರ ಕೊಡಲು ಹೊರಟು, ತನ್ನ ಮಾಸ್ಕನ್ನು 77ರ ಮೇಲೆ ಇಟ್ಟು ನೋಡಿದರೆ, ಮೊದಲ ಮೂರು ಭಾಗ ಒಂದೇ! ‘ಇವನು ನಮ್ಮವನೇ, ರೂಟರ್ ಯಾಕೆ’ ಎಂದು ತನ್ನ ತಂತಿಯ ಮೇಲೆ ‘77 ಯಾರು’ ಎಂದು ಕೂಗುತ್ತಿತ್ತು. 77 ಇರುವುದು ರೂಟರಿನ ಆಚೆ. ಕೂಗು ಅಲ್ಲಿಗೆ ಮುಟ್ಟದು. ಉತ್ತರ ಹೊರಡುವುದೇ ಇಲ್ಲ. ಹೋಗುವ ದಾರಿ ತೆರೆದಿದೆ, ಬರುವ ದಾರಿ ಮುಚ್ಚಿದೆ. 131ರ ಮಟ್ಟಿಗೆ ಯಾವ ಮಾಸ್ಕಿನ ಪ್ರಕಾರವೂ ಪ್ರಿಂಟರ್ ಪಕ್ಕದ್ದೇ ಆದ್ದರಿಂದ ತೊಂದರೆಯಿರಲಿಲ್ಲ. ಸೊನ್ನೆ ಇದ್ದ ಕಡೆ 192 ಎಂದು ಒತ್ತಿದ ಮೇಲೆ ಎಲ್ಲವೂ ಸರಿಹೋಯಿತು. ನೆಟ್‌ವರ್ಕ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದಿದು: ಒಂದು ಕಡೆಯಿಂದ ಆಗುತ್ತದೆ, ಇನ್ನೊಂದು ಕಡೆಯಿಂದ ಆಗುವುದಿಲ್ಲ ಎಂಬ ದೂರು ಬಂದರೆ ಎರಡೂ ತುದಿಯ ಮಾಸ್ಕುಗಳನ್ನು ಮೊದಲು ಓದಿ.

ಕ್ಯಾಂಪಸ್ಸಿನ ಒಳಗೆ ಹುಟ್ಟಿದ ಈ ಉಪಾಯ 1993ರ ಹೊತ್ತಿಗೆ ಇಡೀ ಇಂಟರ್ನೆಟ್ಟನ್ನೇ ಕಾಪಾಡಬೇಕಾಯಿತು. ಬಿ ವರ್ಗದ ಜಾಲಗಳು ಮುಗಿಯುತ್ತ ಬಂದಿದ್ದವು, ರೂಟರುಗಳ ಪಟ್ಟಿಗಳು ಹಿಗ್ಗುತ್ತಿದ್ದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಎ, ಬಿ, ಸಿ ವರ್ಗಗಳನ್ನೇ ಕೈಬಿಟ್ಟು, ಗೆರೆಯನ್ನು 32 ಬಿಟ್‌ಗಳ ನಡುವೆ ಎಲ್ಲಿ ಬೇಕಾದರೂ ಎಳೆಯಬಹುದು ಎಂಬ ಹೊಸ ನಿಯಮ ಬಂತು. ಅದರ ಹೆಸರು ಸೈಡರ್. ವಿಳಾಸದ ಮುಂದೆ ಓರೆಗೆರೆ ಹಾಕಿ ಜಾಲದ ಬಿಟ್‌ಗಳೆಷ್ಟು ಎಂದು ಬರೆಯುವ ರೂಢಿ ಬಂದದ್ದು ಹೀಗೆ. 255.255.255.0ಕ್ಕೆ /24, 255.255.255.192ಕ್ಕೆ /26. ಎರಡು ಸಾವಿರ ಯಂತ್ರಗಳ ವಿಶ್ವವಿದ್ಯಾಲಯಕ್ಕೆ ಈಗ /21 ಕೊಟ್ಟರೆ 2,046 ಯಂತ್ರಗಳಿಗೆ ಸರಿಹೋಗುತ್ತದೆ. ಹಳೆಯ ಲೆಕ್ಕದಲ್ಲಿ ಅದು ಸಿ ವರ್ಗದ ಎಂಟು ಜಾಲ, ಆದರೆ ಹೊರಗಿನ ರೂಟರಿನ ಪಟ್ಟಿಯಲ್ಲಿ ಒಂದೇ ಸಾಲು. ಮೊಗುಲ್ ಗೆರೆಯನ್ನು ಬಲಕ್ಕೆ ಸರಿಸಿ ಒಡೆದಿದ್ದರು. ಸೈಡರ್ ಎಡಕ್ಕೂ ಸರಿಸಿ ಕೂಡಿಸಿತು. ರೂಟರಿನ ಪಟ್ಟಿಯ ಎರಡು ಸಾಲುಗಳು ಒಂದೇ ವಿಳಾಸಕ್ಕೆ ಹೊಂದಿಕೊಂಡರೆ, ಹೆಚ್ಚು ಬಿಟ್‌ಗಳು ಹೊಂದುವ ಸಾಲನ್ನೇ ಅದು ಆರಿಸಿಕೊಳ್ಳುತ್ತದೆ.

ಆದರೂ 429 ಕೋಟಿಯನ್ನು ಹಿಗ್ಗಿಸಲಾಗದು. 1994ರಲ್ಲಿ ಮೂರು ಕಂತೆ ವಿಳಾಸಗಳನ್ನು ಖಾಸಗಿ ಬಳಕೆಗೆಂದು ತೆಗೆದಿಟ್ಟರು: 10ರಿಂದ ಶುರುವಾಗುವ ಎಲ್ಲವೂ, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ಇವನ್ನು ಯಾರು ಬೇಕಾದರೂ ಒಳಗೆ ಬಳಸಬಹುದು, ಹೊರಗಿನ ಇಂಟರ್ನೆಟ್ಟಿನಲ್ಲಿ ಇವು ನಡೆಯುವುದಿಲ್ಲ. ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ 192.168.1.1 ಇರುವುದು ಇದರಿಂದ. ಹೊರಗೆ ಹೋಗುವಾಗ ರೂಟರ್ ಒಳವಿಳಾಸವನ್ನು ತೆಗೆದು ಹೊರವಿಳಾಸವನ್ನು ಹಾಕುತ್ತದೆ. ಇದನ್ನು ನ್ಯಾಟ್ ಎನ್ನುತ್ತಾರೆ. 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದ ಕೊನೆಯ ಐದು ದೊಡ್ಡ ಪಾಲುಗಳು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದವು. ಅದೇ ವರ್ಷದ ಏಪ್ರಿಲಿನಲ್ಲಿ, ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ವಲಯದ ಸಂಸ್ಥೆಯಾದ ಎಪಿನಿಕ್ ತನ್ನ ಕೊನೆಯ ಪಾಲಿಗೆ ಕೈಹಾಕಿತು. ಎಲ್ಲ ವಲಯಗಳಿಗಿಂತ ಮೊದಲು. ಆ ವರ್ಷ ಮೈಕ್ರೋಸಾಫ್ಟ್ ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯಿಂದ 6,66,624 ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತು. 2017ರಲ್ಲಿ ಎಂಐಟಿ ತನ್ನ 18ನೇ ಪಾಲಿನಲ್ಲಿ 80 ಲಕ್ಷದಷ್ಟು ವಿಳಾಸಗಳನ್ನು ಮಾರಲು ಮುಂದಾಯಿತು. ಕೇಳಿದವರಿಗೆ ಬಿಟ್ಟಿಯಾಗಿ ಕೊಟ್ಟ ಸಂಖ್ಯೆಗಳು ಆಸ್ತಿಯಾದದ್ದು ಹೀಗೆ.

ತಡವಾಗಿ ಬಂದ ನಮ್ಮಂಥ ದೇಶಗಳಲ್ಲಿ ವಿಳಾಸಗಳ ಕೊರತೆಯ ಹೊರೆ ಗ್ರಾಹಕರ ಮೇಲೆ ಬಿತ್ತು. ಒಬ್ಬೊಬ್ಬರಿಗೆ ಒಂದೊಂದು ಹೊರವಿಳಾಸ ಕೊಡಲಾಗದೆ, ಇಂಟರ್ನೆಟ್ ಕಂಪನಿಗಳು ತಮ್ಮಲ್ಲೇ ಇನ್ನೊಂದು ನ್ಯಾಟ್ ಇಟ್ಟು ನೂರಾರು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆಂದೇ 2012ರಲ್ಲಿ 100.64.0.0/10 ಎಂಬ ಕಂತೆಯನ್ನು ಬೇರೆ ತೆಗೆದಿಟ್ಟರು. ನಿಮ್ಮ ರೂಟರಿನ ಹೊರಬದಿಯ ವಿಳಾಸ 100.64ಕ್ಕೂ 100.127ಕ್ಕೂ ನಡುವೆ ಇದ್ದರೆ ನೀವೂ ಹಾಗೆ ಕೂತವರೇ. 64ರಿಂದ 127 ಯಾಕೆ ಎಂದು ಕಾಗದ ಹಿಡಿದು ಲೆಕ್ಕ ಮಾಡಿದವರಿಗೆ ಈಗಾಗಲೇ ಗೊತ್ತಾಗಿರಬೇಕು. ಎರಡನೆಯ ಭಾಗದ ಮಾಸ್ಕ್ ಅದೇ 192.

ಇಲ್ಲಿ ಒಂದು ಗಂಭೀರ ವಿಷಯವಿದೆ. ಪೊಲೀಸರ ಕೈಗೆ ಒಂದು ಐಪಿ ವಿಳಾಸ ಸಿಕ್ಕಿತು ಎಂದರೆ ಒಬ್ಬ ಮನುಷ್ಯ ಸಿಕ್ಕಿದ ಎಂದು ಜನ ತಿಳಿಯುತ್ತಾರೆ. ಅದೇ ಕ್ಷಣದಲ್ಲಿ ಅದೇ ವಿಳಾಸವನ್ನು ನೂರಾರು ಮನೆಗಳು ಹಂಚಿಕೊಂಡಿರಬಹುದು. ಸರಿಯಾದ ಗಳಿಗೆ, ಕಾಲಮಾನದ ವಲಯ, ಜೊತೆಗೆ ನ್ಯಾಟ್ ಒಂದೊಂದು ಸಂಪರ್ಕಕ್ಕೆ ಕೊಡುವ ಪೋರ್ಟ್ ನಂಬರು ಇಲ್ಲದೆ ಯಾರೆಂದು ಹೇಳಲಾಗದು. ಸರ್ವರುಗಳು ಪೋರ್ಟ್ ನಂಬರನ್ನೂ ದಾಖಲಿಸಬೇಕೆಂದು 2011ರಲ್ಲೇ ಆರ್‌ಎಫ್‌ಸಿ 6302 ಶಿಫಾರಸು ಮಾಡಿದೆ. ವಿಳಾಸವೊಂದನ್ನೇ ನಂಬಿದರೆ ಏನಾಗಬಹುದು ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ. 2007ರಲ್ಲಿ ಸಾಮಾಜಿಕ ಜಾಲತಾಣದ ಒಂದು ಆಕ್ಷೇಪಾರ್ಹ ಬರಹಕ್ಕೆ ಸಂಬಂಧಿಸಿ, ಐಪಿ ವಿಳಾಸಕ್ಕೆ ತಪ್ಪು ಗ್ರಾಹಕರ ಹೆಸರು ಬಂದದ್ದರಿಂದ, ಇಲ್ಲಿನ ತಂತ್ರಜ್ಞರೊಬ್ಬರನ್ನು ಪುಣೆಯ ಪೊಲೀಸರು ಬಂಧಿಸಿದರು. ಅವರು ನಿರಪರಾಧಿ, ಸುಮಾರು 50 ದಿನ ಜೈಲಿನಲ್ಲಿದ್ದರು. ಒಂದು ವಿಳಾಸಕ್ಕೆ ಒಬ್ಬನೇ ಗ್ರಾಹಕ ಎಂಬ ಕಾಲದಲ್ಲೇ ಹೀಗಾಯಿತು. ಇವತ್ತು ಇಂಥ ತಪ್ಪಿಗೆ ಇನ್ನೂ ಹೆಚ್ಚು ಆಸ್ಪದವಿದೆ. ತನಿಖಾಧಿಕಾರಿಗಳಿಗೂ ವಕೀಲರಿಗೂ ನ್ಯಾಯಾಧೀಶರಿಗೂ ಈ ವಿಷಯ ತಿಳಿದಿರಲೇಬೇಕು.

ವಿಳಾಸಗಳ ಈ ಕೊರತೆಯಿಂದ ಹೊರಬರುವ ದಾರಿ ಐಪಿವಿ6. 1995ರಲ್ಲೇ ರೂಪ ಪಡೆದ ಈ ಪದ್ಧತಿಯಲ್ಲಿ ವಿಳಾಸಕ್ಕೆ 128 ಬಿಟ್. 340ರ ಮುಂದೆ 36 ಸೊನ್ನೆ ಬರೆದಷ್ಟು ವಿಳಾಸಗಳು. ಈ ಬಾರಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದಾಗ ಅದರ ಮೊಬೈಲುಗಳಿಗೆ ಮೊದಲ ದಿನದಿಂದಲೇ ಐಪಿವಿ6 ಇತ್ತು. ಮಿಕ್ಕ ಕಂಪನಿಗಳೂ ಬಂದವು. ಐಪಿವಿ6 ಬಳಕೆಯಲ್ಲಿ ಭಾರತ ಇಂದು ಜಗತ್ತಿನ ಮುಂಚೂಣಿಯಲ್ಲಿದೆ. ಅಲ್ಲೂ ಗೆರೆ ಇದೆ. ಸಾಮಾನ್ಯವಾಗಿ ಅದು 64 ಬಿಟ್‌ಗಳ ನಂತರ, ನಟ್ಟನಡುವೆ ಬೀಳುತ್ತದೆ. ಮಾಸ್ಕನ್ನು ಉದ್ದಕ್ಕೆ ಬರೆಯುವ ರೂಢಿ ಅಲ್ಲಿಲ್ಲ. /64 ಎಂದರೆ ಮುಗಿಯಿತು. ಕಚೇರಿ, ಕಾಲೇಜು, ಬ್ಯಾಂಕುಗಳ ಒಳಜಾಲಗಳಲ್ಲಿ ಐಪಿವಿ4 ಇನ್ನೂ ಬಹುಕಾಲ ಇರುತ್ತದೆ, ಹಾಗಾಗಿ ಎಂಟು ಮನೆಯ ಲೆಕ್ಕವೂ ಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ವಿಳಾಸ 10.24.37.200, ಓರೆಗೆರೆಯ ಮುಂದೆ 20. ಇದು ಯಾವ ಜಾಲದ್ದು? 10.24.40.7 ಇದರ ಜಾಲದಲ್ಲಿದೆಯೇ? 10.24.48.5? ಮೊದಲ ಎರಡು ಭಾಗಕ್ಕೆ 16 ಬಿಟ್ ಹೋಗಿ, ಮೂರನೆಯ ಭಾಗಕ್ಕೆ ನಾಲ್ಕು ಬಿಟ್ ಉಳಿಯುತ್ತವೆ. ಅಲ್ಲಿಯ ಮಾಸ್ಕ್ 240. ಲೆಕ್ಕವನ್ನು ಆ ಭಾಗದಲ್ಲೇ ಮಾಡಬೇಕು. 37 ಎಂದರೆ 32, 4, 1. ಮಾಸ್ಕಿನಡಿ ಉಳಿಯುವುದು 32 ಮಾತ್ರ. ಜಾಲದ ಹೆಸರು 10.24.32.0. ಅದು ಹರಡಿರುವುದು 10.24.47.255ರವರೆಗೆ. 40.7 ಒಳಗಿದೆ, ನೇರವಾಗಿ ಕೂಗಿದರೆ ಸಿಗುತ್ತದೆ. 48.5 ಹೊರಗಿದೆ, ಗೇಟ್‌ವೇ ಮೂಲಕ ಹೋಗಬೇಕು.